ಬೀಜದ ಗುಳಿ

"ಬಗ್ಗಿ ನೋಡಪ್ಪಾ. ಬಗ್ಗಿದ್ರೆ ಸೊಂಟ ಏನೂ ಮುರಿಯಲ್ಲ."

ಅತ್ತಿಗೆ ಹೇಳಿದರೂ ಮೈದುನ ಬಗ್ಗಲಿಲ್ಲ. ಹೊಲದ ಅಂಚಿನ ಕಲ್ಲುಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಹುಲ್ಲುಕಡ್ಡಿ ಜಗಿಯುತ್ತಾ, ಸಿಂಗರಿಸಿ ನಿಲ್ಲಿಸಿದ ಮದುಮಗಳನ್ನು ನೋಡುವಂತೆ ತನ್ನ ಭಂಗಿ ಗಿಡಗಳನ್ನು ನೋಡುತ್ತಿದ್ದ. ಗಿಡಗಳೂ ಹಾಗೇ ಇದ್ದವು. ಕುಳ್ಳಗೆ, ದಟ್ಟವಾಗಿ, ಅಗಲ ಎಲೆಗಳ ನಡುವೆ ಮುಷ್ಟಿಗಾತ್ರದ ಹೂಗೊಂಚಲು. ಆಳೆತ್ತರ ಬೆಳೆದು ಗಾಳಿಗೆ ಬಡಕಲಾಗಿ ತೂಗುವ ಊರಿನ ಹಳೇ ಜಾತಿ ಇವುಗಳ ಮುಂದೆ ಉಪವಾಸ ಬಿದ್ದವರ ಹಾಗೆ ಕಾಣುತ್ತಿತ್ತು.

"ಎಲ್ಲಾ ಹೆಣ್ಣೇ ಅತ್ತಿಗೆ. ಬೀಜ ಕೊಟ್ಟವನು ಆಣೆ ಇಟ್ಟು ಹೇಳಿದಾನೆ. ಒಂದೇ ಒಂದು ಗಂಡು ಹುಟ್ಟಲ್ಲ. ಕೀಳೋ ಕೆಲಸಾನೇ ಇಲ್ಲ."

"ಅವನು ಕೆಳಗೆ ಬಯಲಲ್ಲಿ ಕೂತು ಆಣೆ ಇಟ್ಟ. ಇಲ್ಲಿ ಚಳಿ ಬಿದ್ದಿದ್ದು ಅವನಿಗೇನು ಗೊತ್ತು? ಹೆಣ್ಣೇ ಗಂಡು ಹೂ ಬಿಡ್ತಾ ಇದೆ, ನೋಡು ಅಂದ್ರೆ ನೋಡಲ್ಲ ಅಂತೀಯಲ್ಲ."

ಹೆಣ್ಣು ಹೂವಿನ ಬಿಳಿ ಎಳೆಗಳ ಸಂದಿಯಲ್ಲಿ ಗಂಡು ಹೂವಿನ ಹಳದಿಯ ಪುಟ್ಟ ಪುಟ್ಟ ಕೋಡುಗಳು ಇಣುಕುತ್ತಿದ್ದವು. ಕೆಲವು ಆಗಲೇ ಬಿರಿದಿದ್ದವು. ಕಷ್ಟಕ್ಕೆ ಸಿಕ್ಕಿದ ಹೆಣ್ಣು ತಾನೇ ಗಂಡೂ ಆಗುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಅದು ಗಿಡದ ಮಾತೋ ಅತ್ತೆಯ ಸ್ವಂತದ ಮಾತೋ ಎಂದು ಆಗ ಅವಳಿಗೆ ತಿಳಿದಿರಲಿಲ್ಲ.

ಅತ್ತೆ ಕಣ್ಣು ಮುಚ್ಚಿ ಎಷ್ಟೋ ಕಾಲವಾಗಿತ್ತು, ಸೊಸೆಯ ತಲೆಯೂ ನರೆತಿತ್ತು. ಆದರೂ ಗುಡ್ಡದ ಮೇಲಿನ ಈ ಊರಿಗೆ ಅವಳು ಹಿರಿಸೊಸೆಯೇ. ಊರಿನ ಬೀಜ ಅವಳ ಕೈಯಲ್ಲಿದ್ದದ್ದರಿಂದ ಆ ಹೆಸರಿಗೊಂದು ತೂಕವಿತ್ತು. ಎಲ್ಲ ಮನೆಯವರೂ ತಂತಮ್ಮ ಹೊಲದ ಗಂಡುಗಿಡಗಳನ್ನು ಹೂ ಬಿರಿಯುವ ಮೊದಲೇ ಕಿತ್ತು ನಾರಿಗೆಂದು ನೆನೆಹಾಕುತ್ತಿದ್ದರು. ಹೊಲದ ಹೆಣ್ಣುಗಳು ಬೀಜ ಕಟ್ಟದೆ ಅಂಟು ತುಂಬಿದ ಹೂವಾಗಿ ನಿಲ್ಲುತ್ತಿದ್ದವು. ಕೊಳ್ಳುವವರಿಗೆ ಬೇಕಾದದ್ದು ಅದೇ. ಮುಂದಿನ ವರ್ಷದ ಬಿತ್ತನೆಗೆ ಇದ್ದದ್ದು ಒಂದೇ ಜಾಗ, ಬಂಡೆಗಳ ನಡುವೆ ಬಾವಿಯಂತೆ ತಗ್ಗಾಗಿದ್ದ ಗುಳಿ. ಅಲ್ಲಿಗೆ ಗಾಳಿಯೂ ದಾರಿ ಕೇಳಿಕೊಂಡು ಬರಬೇಕು. ಅಲ್ಲಿ ಮಾತ್ರ ಎರಡು ಗಂಡು ಉಳಿಸಿ, ಹಳೇ ಜಾತಿಯನ್ನು ಹಳೇ ಜಾತಿಗೇ ಕೂಡಿಸುತ್ತಿದ್ದರು. ಗುಳಿಗೆ ಇಳಿಯುವವರು ಬೆಳಗ್ಗೆ, ಬೇರೆ ಹೊಲ ಮೆಟ್ಟುವ ಮುಂಚೆ, ಒಗೆದ ಬಟ್ಟೆ ಉಟ್ಟು ಇಳಿಯಬೇಕು. ಹೊದ್ದದ್ದನ್ನು ಗುಳಿಯ ಬಾಯಲ್ಲಿರುವ ಚಪ್ಪಟೆ ಕಲ್ಲಿನ ಮೇಲೆ ಕಳಚಿಟ್ಟು ಹೋಗಬೇಕು. "ಬಾಣಂತಿ ಕೋಣೆಗೂ ಇಷ್ಟು ಮಡಿ ಇಲ್ಲ" ಎಂದು ಊರ ಗಂಡಸರು ನಗುತ್ತಿದ್ದರು; ನಗುತ್ತಲೇ ಬೀಜಕ್ಕೆ ಅವಳ ಬಾಗಿಲಿಗೇ ಬರುತ್ತಿದ್ದರು.

"ಪೊಲೀಸರು ಬಂದು ಇಡೀ ಗುಡ್ಡ ಕಡಿದು ಹೋದಾಗಲೂ ಗುಳಿ ಬೀಜದಿಂದ ಮತ್ತೆ ಬೆಳೆ ಎದ್ದಿತು," ಎಂದಳು. "ನಮ್ಮ ಬೀಜ ಹಿಮ ಬೀಳೋಕೆ ಮುಂಚೆ ಮಾಗುತ್ತೆ. ನಿನ್ನ ಈ ಬಯಲುಸೀಮೆ ಮಹಾರಾಣಿಗೆ ಯಾವ ಅವಸರಾನೂ ಇಲ್ಲ. ಇದರ ಹೂವಿನ ಧೂಳು ಅಲ್ಲಿಗೆ ಬಿದ್ರೆ ಮುಂದಿನ ವರ್ಷ ಊರಿನ ಬೆಳೆ ಎಲ್ಲ ಹಸಿಹಸಿಯಾಗೇ ಹಿಮದಡಿ ಹೋಗುತ್ತೆ. ಆಮೇಲೆ ಹಳೇ ಬೀಜ ಯಾರನ್ನ ಕೇಳ್ತೀಯ?"

"ಗಾಳಿನೇ ಹೋಗದ ಗುಳಿಗೆ ಧೂಳು ಹೆಂಗೆ ಹೋಗುತ್ತೆ?"

"ಯಾರ ಮೈಗಾದ್ರೂ ಅಂಟಿಕೊಂಡು ಹೋದ್ರೆ?"

ಮೈದುನ ಹುಲ್ಲುಕಡ್ಡಿ ಉಗಿದ. "ಗುಳಿಗೆ ನೀವು ಬಿಟ್ರೆ ಇನ್ಯಾರು ಇಳೀತಾರೆ ಅತ್ತಿಗೆ?"

ಅವಳಿಗೆ ತಾಳ್ಮೆ ತಪ್ಪಿತು. ಸರಸರನೆ ಗಿಡಗಳ ನಡುವೆ ನುಗ್ಗಿದಳು. ಹೊದ್ದಿದ್ದ ಕರೀ ಶಾಲಿನ ಸೆರಗನ್ನು ಒಂದು ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ಜಾಡಿಸಿದಳು. ಕರಿಯ ಮೇಲೆ ಹಳದಿ ನವುರಾಗಿ ಉದುರಿತು. ಸೆರಗನ್ನು ತಂದು ಅವನ ಮೂಗಿಗೇ ಹಿಡಿದಳು.

"ಇದೇನು?"

"ಧೂಳು."

"ಎಂಥ ಧೂಳು?"

"ದಾರಿ ಧೂಳು ಅತ್ತಿಗೆ. ನಡ್ಕೊಂಡು ಬಂದ್ರಲ್ಲ." ಅವನು ಅದಕ್ಕೆ ಉಫ್ ಎಂದು ಊದಿ ನಕ್ಕ.

ಅಷ್ಟರಲ್ಲಿ ಓರಗಿತ್ತಿ ಗಂಡನಿಗೆ ಟೀ ತಂದಳು. ಇವಳಿಗೂ ಒಂದು ಲೋಟ ತಂದಿದ್ದಳು. ಕೊಡುವಾಗ ಮಾತ್ರ ಮುಖ ನೋಡಲಿಲ್ಲ. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಬೀಜಕ್ಕೆ ನಿಮ್ಮ ಮುಂದೆ ಕೈ ಚಾಚಿದ್ವಿ. ಈ ವರ್ಷ ಚಾಚಲಿಲ್ಲ. ಅದಕ್ಕೆ ತಾನೇ ಇದೆಲ್ಲ?"

ಹಿರಿಸೊಸೆಯ ಕೈಯಲ್ಲಿ ಲೋಟ ಹಾಗೇ ನಿಂತಿತು. ಕುಡಿಯದೆ ಗೋಡೆಯ ಮೇಲಿಟ್ಟು ಹೊರಟಳು. ಹಿಂದಿನಿಂದ ಮೈದುನ, "ಕೊಯ್ಲಾದ ಮೇಲೆ ಒಂದು ಗೊಂಚಲು ಕಳಿಸ್ತೀನಿ ಅತ್ತಿಗೆ, ಮೂಸಿ ನೋಡಿ!" ಎಂದು ಕೂಗಿದ.

ಇಳಿಜಾರಿನ ತಿರುವಿನಲ್ಲಿ ಅವಳ ಗಂಡ ಬಂಡೆಗೆ ಒರಗಿ ಭಂಗಿನಾರಿನ ಹಗ್ಗ ಹೊಸೆಯುತ್ತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿ ಮುಗಿಸುವ ತನಕ ಅವನ ಅಂಗೈಗಳು ನಿಲ್ಲಲಿಲ್ಲ.

"ನೀವೊಂದು ಮಾತು ಹೇಳಿ. ಅಣ್ಣ ಹೇಳಿದ್ರೆ ಕೇಳ್ತಾನೆ. ಇವತ್ತೇ ಕೀಳಿಸಿ."

"ಅವನ ಹೊಲ, ಅವನ ಬೆಳೆ. ನಾನೇನು ಹೇಳಲಿ? ಕೊಯ್ಲಿನ ತನಕ ತಡಿ."

"ಕೊಯ್ಲಿನ ತನಕ ತಡೆದ್ರೆ ಆಮೇಲೆ ತಡೆಯೋಕೆ ಏನು ಉಳಿದಿರುತ್ತೆ?"

"ಹೋದ ವರ್ಷ ಇಲಿ ಅಂದೆ. ಅದರ ಹಿಂದಿನ ವರ್ಷ ಮಂಜು ಅಂದೆ. ನಿನ್ನ ಬೀಜಕ್ಕೆ ಏನಾದ್ರೂ ಆಯ್ತಾ?" ಹಗ್ಗದ ತುದಿಯನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿಕೊಂಡ. "ನಿನಗೆ ಆ ಗುಳೀನೇ ಗಂಡ, ಗುಳೀನೇ ಮಕ್ಕಳು. ಮನೆಗೆ ನಡಿ, ಬಂದೆ."

ಏನೂ ಆಗಲಿಲ್ಲ, ಯಾಕೆಂದರೆ ನಾನು ಆಗಗೊಡಲಿಲ್ಲ ಎನ್ನಬೇಕೆನಿಸಿತು. ಅವನು ಆಗಲೇ ಮತ್ತೆ ಹಗ್ಗದತ್ತ ಬಗ್ಗಿದ್ದ. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು. ಮನೆಯ ದಾರಿ ಬಲಕ್ಕಿತ್ತು. ಅವಳ ಕಾಲುಗಳು ಎಡಕ್ಕೆ, ಗುಳಿಯ ಕಡೆ ತಿರುಗಿದವು.

ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮೈದುನನ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತ ಇಳಿದಳು. ದಾರಿ ಧೂಳಂತೆ. ಕೈ ಚಾಚಿದ್ವಂತೆ. ಯಾವತ್ತು ಚಾಚಿಸಿಕೊಂಡೆ? ನೀವು ಬರುವ ಮೊದಲೇ ಬೊಗಸೆ ತುಂಬಿ ಇಟ್ಟಿರಲಿಲ್ಲವೆ? ಅಲ್ಲಿ ಹೇಳಬೇಕಾಗಿದ್ದ ಉತ್ತರಗಳೆಲ್ಲ ಒಂದರ ಹಿಂದೊಂದು ಈಗ ಬಂದವು. ಇಳಿದದ್ದೇ ಗೊತ್ತಾಗಲಿಲ್ಲ.

ಗುಳಿಯೊಳಗೆ ಎಲೆಯೂ ಅಲುಗುತ್ತಿರಲಿಲ್ಲ. ಹಳೇ ಜಾತಿಯ ಹೆಣ್ಣುಗಳು ನೀಳವಾಗಿ ನಿಂತು, ಗೊಂಚಲು ಗೊಂಚಲಿಗೂ ಬಿಳಿ ಎಳೆಗಳನ್ನು ಚಾಚಿದ್ದವು. ಮೂಲೆಯ ಎರಡು ಗಂಡುಗಳ ಮೊಗ್ಗು ಇನ್ನೂ ಬಿಗಿಯಾಗಿ ಮುಚ್ಚಿತ್ತು. ಎಲ್ಲ ನೆಟ್ಟಗಿತ್ತು. ಅವಳ ಉಸಿರು ಹಗುರಾಯಿತು. ಅತ್ತೆ ಮಾಡುತ್ತಿದ್ದಂತೆ ಗಿಡಗಳ ನಡುವೆ ತೂರಿಕೊಂಡು ಹೋದಳು. ಒಂದರ ತುದಿ ಹಿಡಿದು ಮೂಸಿದಳು, ವಾಲಿದ ಇನ್ನೊಂದನ್ನು ತೋಳಿನಿಂದ ತಬ್ಬಿ ಎತ್ತಿ ಕೋಲಿಗೆ ಕಟ್ಟಿದಳು. ಮುಖಕ್ಕೆ ಬೆವರು ಬಂದಿತ್ತು. ಒರೆಸಿಕೊಳ್ಳಲು ಶಾಲಿನ ಸೆರಗು ಎತ್ತಿದಳು.

ಸೆರಗು ಹಳದಿಯಾಗಿತ್ತು. ತೋಳೂ ಹಳದಿಯಾಗಿತ್ತು. ಈಗಷ್ಟೇ ತಬ್ಬಿ ನಿಲ್ಲಿಸಿದ ಗಿಡದ ಬಿಳಿ ಎಳೆಗಳ ಮೇಲೆ, ಹಿಟ್ಟು ಜರಡಿ ಹಿಡಿದಂತೆ, ನವುರಾಗಿ ಅದೇ ಹಳದಿ.

ಶಾಲು ತೆಗೆಯಲು ಹೆಗಲಿಗೆ ಹೋದ ಕೈ ಅರ್ಧದಲ್ಲೇ ನಿಂತಿತು. ತೆಗೆದರೆ ಉದುರುತ್ತದೆ. ಕೊಡವುವಂತಿಲ್ಲ. ನಾಲ್ಕು ಕಡೆಯೂ ಗಿಡ. ಎತ್ತ ಹೆಜ್ಜೆ ಇಟ್ಟರೂ ಒಂದಲ್ಲ ಒಂದು ಮೈಗೆ ತಾಗುತ್ತದೆ. ತೋಳುಗಳನ್ನು ಮೈಯಿಂದ ದೂರ ಹಿಡಿದು, ಉಸಿರನ್ನೂ ಮೆಲ್ಲಗೆ ಬಿಡುತ್ತ, ನಿಂತಲ್ಲೇ ನಿಂತಳು.

ಮೇಲೆ, ಗುಳಿಯ ಬಾಯಲ್ಲಿ, ಚಪ್ಪಟೆ ಕಲ್ಲು ಬರಿದಾಗಿ ಬಿಸಿಲು ಕಾಯುತ್ತಿತ್ತು.