ಹೆಂಗಸು ಇಳಿದ ಕುಣಿ

"ಥೂ ಬೋಸುಡಿ, ಇದೇನ ಸೀರೀನೋ ಗ್ವಾಣಿತಟ್ಟೋ? ಬಿಚ್ಚು! ಎಲ್ಲಾರ ಮುಂದ ಬಿಚ್ಚು!"

ಗಜೇಂದ್ರಗಡದ ತನ್ನ ಮಗ್ಗದ ಮನೆಯಲ್ಲಿ ನಿಂತು ಗುರುಸಂಗಪ್ಪ ಸಾವಕಾರ ಒದರುತ್ತಿದ್ದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮಾನವ್ವ, ಬೆಳಗಿನಿಂದ ನೇಯ್ದ ಗೇಣುದ್ದ ಬಟ್ಟೆಯನ್ನು ಎಳೆಎಳೆಯಾಗಿ ಬಿಚ್ಚಿದಳು. ಅಕ್ಕಪಕ್ಕದ ನೇಕಾರರು ತಲೆ ಎತ್ತಲಿಲ್ಲ.

"ಕಂಡಿಕಿ ಸುತ್ತು ರಂಡಿಗೆ ಮಗ್ಗ ಬೇಕಂತ! ನಾಳಿ ಸಂಜೀತನಕಾ ನೋಡ್ತೀನಿ. ದಡಿ ನೆಟ್ಟಗ ಬರಲಿಲ್ಲಂದ್ರ ಗಂಡನ್ನ ಹೊತಗೊಂಡು ಖೋಲಿ ಖಾಲಿ ಮಾಡು."

ದೇಶದ ಮೊದಲ ಚುನಾವಣೆ ಮುಗಿದ ಬೇಸಿಗೆ ಅದು. ಆ ಮಗ್ಗ ಅವಳ ಗಂಡ ಪರಶಪ್ಪ ಕೂಲಿಗೆ ನೇಯುತ್ತಿದ್ದದ್ದು. ಅವನು ರಕ್ತ ಕೆಮ್ಮುತ್ತ ಹಾಸಿಗೆ ಹಿಡಿದು ಹದಿನೈದು ದಿನವಾಗಿತ್ತು. ಮಗ್ಗ ಕೈತಪ್ಪಿದರೆ ಸಾವಕಾರ ಇರಲು ಕೊಟ್ಟ ಹಿತ್ತಲ ಖೋಲಿಯೂ ಹೋಗುತ್ತಿತ್ತು. ಹನ್ನೆರಡು ವರ್ಷ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಟ್ಟ ಮಾನವ್ವ ಕುಣಿಗೆ ಎಂದೂ ಇಳಿದವಳಲ್ಲ. ಆ ಮಗ್ಗದ ಮನೆಯಲ್ಲಿ ಯಾವ ಹೆಂಗಸೂ ಇಳಿದಿರಲಿಲ್ಲ.

ಖೋಲಿಗೆ ಬಂದವಳೇ ಗಂಡನ ಮುಂದೆ ಕುಸಿದಳು. "ನನ್ನ ಕೈಲೆ ಆಗೂದಿಲ್ರಿ. ಹಚ್ಚಿದ ಎಳಿ ಹಚ್ಚಿದಂಗ ಹರೀತಾವು. ಎಲ್ಲ್ಯರ ಹೋಗಿ ಸಾಯೂಣ್ರಿ."

ಪರಶಪ್ಪ ಉಸಿರು ಹಿಡಿದು ಹಿಡಿದು ಮಾತಾಡಿದ. "ನನ್ನ ಕಣ್ಣ ಮಂಜಾಗಿ ಎರಡ ವರ್ಷ ಆತಲಾ. ಹರದ ಎಳಿ ಹುಡುಕಿ ಹಚ್ಚಾಕಿ ಯಾರು? ದಡಿ ಸರದದ್ದು ಹೇಳಾಕಿ ಯಾರು? ನಾ ಬರೇ ಕೈ ಆಡಸಿದ್ನಿ. ನೇದಾಕಿ ನೀನ."

ಮರುದಿನ ಮುಂಜಾನೆ ಅವಳು ಮತ್ತೆ ಕುಣಿಗೆ ಇಳಿದಳು. ಎರಡು ಸಲ ಎಳೆ ಹರಿದವು, ಅತ್ತುಕೊಂಡೇ ಹಚ್ಚಿದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಾಲು ತುಳಿಹಲಗೆ ಒತ್ತಿದ ಹಿಂದೆಯೇ ಕೈ ತಾನಾಗಿ ಲಾಳಿ ಹಾಯಿಸತೊಡಗಿತು. ಸೀರೆಯಂಚಿನ ದಡಿ ಗೆರೆ ಕೊರೆದಂತೆ ಬಂತು.

ಸಂಜೆ ಗುರುಸಂಗಪ್ಪ ಬಟ್ಟೆಯ ಮೇಲೆ ಬೆರಳಾಡಿಸಿದ. ಅವಳಿಂದ ಆಗದೆಂದೇ ಗಡುವು ಕೊಟ್ಟಿದ್ದ ಅವನ ಬೆರಳು ಎಲ್ಲಿಯೂ ತಡೆಯಲಿಲ್ಲ.

"ಪರಶ್ಯಾ ನೇದ್ನೇನ?"

"ಅವರಿಗೆ ಏಳಾಕ ಬರೂದಿಲ್ರಿ. ನಾನ ನೇದೇನ್ರಿ."

"ಹೆಂಗಸ ನೇದದ್ದಂತ ಪ್ಯಾಟ್ಯಾಗ ಗೊತ್ತಾದ್ರ ನನ್ನ ಮಾರಿಗೆ ಉಗುಳತಾರ. ಏಳ ಮ್ಯಾಲ. ನಾಳಿಂದ ಇಲ್ಲಿ ಆ ನೇಕಾರ ದ್ಯಾಮಪ್ಪ ಕುಂದರತಾನ."

ಮಾನವ್ವ ಕುಣಿಯಲ್ಲೇ ಕೂತು ಬಟ್ಟೆಯ ಮೇಲೆ ಕೈಯಿಟ್ಟಳು.

"ನಿನ್ನೆ ತಪ್ಪಿತ್ತು, ಬಿಚ್ಚಿದ್ನಿ. ಇವತ್ತೆಲ್ಲೈತಿ ತಪ್ಪು? ತೋರಸೋ!"

ಆ 'ತೋರಸೋ' ಕೇಳಿ ಉಳಿದ ಮಗ್ಗಗಳು ನಿಂತವು. ಸಾವಕಾರ ಅವಳ ತುರುಬಿಗೆ ಕೈಹಾಕಿ ಜಗ್ಗಿದ. ಒಬ್ಬರೂ ಎದ್ದು ಬರಲಿಲ್ಲ. ಕುತ್ತಿಗೆ ಹಿಂದಕ್ಕೆ ಹೊರಳಿದಂತೆಯೇ, ಎಡಗೈಯಲ್ಲಿ ಮಗ್ಗದ ತೊಲೆ ಅವುಚಿಕೊಂಡು ಮಾನವ್ವ ಕುಣಿಯೊಳಗಿನ ತುಳಿಹಲಗೆ ಒತ್ತಿದಳು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ತೆರೆದವು. ಬಲಗೈಯಿಂದ ಲಾಳಿ ಹಾಯಿಸಿದಳು.