ಭಾವನ ಬೂಟಿನೊಳಗಿನ ಇದ್ದಿಲು

ಮೊಬೈಲ್ ಕೈಗೆ ಬಂದಾಗಿನಿಂದ ಇಸ್ತ್ರಿಯವನ ಅಕ್ಕನಿಗೆ ವೈದ್ಯದ ಹುಚ್ಚು ಹಿಡಿದಿತ್ತು. ಗಂಡನ ಜೊತೆ ತಮ್ಮನ ಮನೆಯಲ್ಲಿ ಒಂದು ವಾರ ಇರಲು ಬಂದವಳು, ಒಳಗೆ ಕಾಲಿಡುತ್ತಲೇ ಇದ್ದಿಲಿನ ಮೂಟೆ ಕಂಡು ಹಿಗ್ಗಿದಳು.

"ಅಯ್ಯೋ ತಮ್ಮಾ, ಮನೇಲೇ ಔಷಧಿ ಅಂಗಡಿ ಇಟ್ಕೊಂಡು ಬರೀ ಬಟ್ಟೆ ಉಜ್ತಿದ್ದೀಯಲ್ಲೋ!"

ಭಾವನದು ಸಾಧು ಸ್ವಭಾವ. ಅವನ ಬೂಟು ಮಾತ್ರ ಹಾಗಲ್ಲ. ಅದನ್ನು ಬಿಚ್ಚಿದರೆ ಮಲಗಿದ್ದ ಬೆಕ್ಕೂ ಎದ್ದು ಆಚೆ ಹೋಗುತ್ತಿತ್ತು. ಅಕ್ಕ ಎರಡೂ ಬೂಟಿಗೆ ಇದ್ದಿಲು ತುಂಬಿ ಮೂರು ದಿನ ಬಿಟ್ಟಳು. ನಾಲ್ಕನೇ ದಿನ ಮೂಗಿಟ್ಟು ನೋಡಿದರೆ ವಾಸನೆ ಮಾಯ! ಒಳ್ಳೇ ಇದ್ದಿಲು ದಂಡ ಮಾಡುವುದೇಕೆ ಎಂದು ಅದನ್ನು ವಾಪಸ್ ಮೂಟೆಗೆ ಸುರಿದಳು. ಯಾರಿಗೂ ಹೇಳಲಿಲ್ಲ.

ತಮ್ಮ ಅದನ್ನೇ ಇಸ್ತ್ರಿ ಪೆಟ್ಟಿಗೆಗೆ ಹಾಕಿ ಕೆಂಡ ಮಾಡಿದ. ಅದೇ ಬೀದಿಯ ನರ್ಸಮ್ಮ ಇಸ್ತ್ರಿಗೆ ಕೊಟ್ಟಿದ್ದ ಬಿಳಿ ಕೋಟಿನ ಮೇಲೆ ಪೆಟ್ಟಿಗೆ ಎಳೆದನೋ ಇಲ್ಲವೋ, ಗಬ್ಬೆಂದು ವಾಸನೆ ಎದ್ದಿತು. ಮೋರಿ ನೋಡಿದ. ಇಲಿ ಸತ್ತಿದೆಯೇನೋ ಎಂದು ಮೇಜಿನ ಕೆಳಗೆ ತೂರಿದ. ಕೊನೆಗೆ ಅನುಮಾನ ಬಂದು ತನ್ನ ಕಾಲನ್ನೇ ಎರಡು ಸಲ ತೊಳೆದುಕೊಂಡ.

ಅಷ್ಟರಲ್ಲಿ ನರ್ಸಮ್ಮ ಬಂದರು. ಕೋಟನ್ನು ಎತ್ತಿಕೊಂಡವರೇ ಎರಡು ಹೆಜ್ಜೆ ಹಿಂದೆ ಸರಿದರು. "ಏನಪ್ಪಾ, ಇದನ್ನ ಯಾರ ಕಾಲಿಗೆ ಸುತ್ತಿದ್ದೆ?"

"ನನ್ನ ಬೂಟಿನ ವಾಸನೆ ಥರಾನೇ ಇದೆ!" ಎಂದ ಭಾವ, ಗುರುತು ಹಿಡಿದ ಖುಷಿಯಲ್ಲಿ.

ಅಕ್ಕನ ಮುಖ ಸಪ್ಪಗಾಯಿತು. ನಡೆದದ್ದನ್ನು ಬಾಯಿಬಿಟ್ಟಳು. ಅವಳ ಕೈಯಲ್ಲೊಂದು ಲೋಟ, ಅದರ ತುಂಬ ಕರ್ರಗಿನ ನೀರು.

"ಅದೇನಮ್ಮಾ?" ನರ್ಸಮ್ಮ ಕೇಳಿದರು.

"ಇವರಿಗೆ ಹೊಟ್ಟೆ ಉಬ್ಬರ. ಇದ್ದಿಲು ಅರೆದು ಕದಡಿದ್ದೀನಿ. ಆಸ್ಪತ್ರೇಲೂ ಕೊಡ್ತಾರಂತಲ್ಲ?"

"ಕೊಡ್ತೀವಿ. ವಿಷ ನುಂಗಿದ ಕೆಲವರಿಗೆ, ಅದೂ ಡಾಕ್ಟರ್ ಹೇಳಿದ್ರೆ. ಆ ಇದ್ದಿಲನ್ನ ಅದಕ್ಕಂತಲೇ ಬೇರೆ ತಯಾರು ಮಾಡಿರ್ತಾರೆ. ಇದು ಇಸ್ತ್ರಿಗೆ ಮಾತ್ರ." ಭಾವನ ಕಡೆ ತಿರುಗಿದರು. "ನೀವು ಮಾತ್ರೆ ಏನಾದ್ರೂ ತಗೊಳ್ತೀರಾ?"

"ಬಿಪಿದು. ಈಗ ತಾನೇ ನುಂಗಿದೆ."

"ಆಸ್ಪತ್ರೆ ಇದ್ದಿಲೇ ಆದ್ರೂ ಆ ಮಾತ್ರೇನೂ ಹೀರ್ಕೊಂಡು ಕೂತುಬಿಡುತ್ತೆ. ಆಮೇಲೆ ಬಿಪಿ ಏರಿದ್ರೆ ನಾನೇ ನೋಡ್ಕೋಬೇಕು, ಈ ಕೋಟು ಹಾಕ್ಕೊಂಡು!"

ಭಾವ ಲೋಟ ಇಸಿದುಕೊಂಡು ಮೋರಿಗೆ ಸುರಿದ. ಮದುವೆಯಾದ ಮೇಲೆ ಹೆಂಡತಿ ಕೊಟ್ಟದ್ದನ್ನು ಕುಡಿಯದೆ ಬಿಟ್ಟದ್ದು ಅದೇ ಮೊದಲು.

ಕೋಟನ್ನು ಅಕ್ಕ ಒಗೆದಳು. ಮೂಟೆಯ ಪಂಚಾಯಿತಿ ಬಾಕಿ ಉಳಿಯಿತು. ಯಾವ ತುಂಡು ಬೂಟಿಗೆ ಹೋಗಿ ಬಂದದ್ದು ಎಂದು ನೋಡಿದರೆ ತಿಳಿಯುವಂತಿರಲಿಲ್ಲ. ಆ ವಾಸನೆಯ ಪರಿಚಯ ಚೆನ್ನಾಗಿದ್ದವನು ಭಾವನೇ. ಅವನು ಮಣೆ ಹಾಕಿಕೊಂಡು ಕೂತು, ಒಂದೊಂದೇ ತುಂಡು ಮೂಸಿ, "ಇದು ನಂದು, ಇದು ನಿಂದು" ಎಂದು ಬೇರೆ ಮಾಡತೊಡಗಿದ. ಮೂಗು ಕರ್ರಗಾಯಿತು, ಆಮೇಲೆ ಮೀಸೆ, ಆಮೇಲೆ ಗಲ್ಲ. ಅಷ್ಟಾದರೂ ಅವನು ಏಳಲಿಲ್ಲ. ಭಾವನ ಮಾತನ್ನು ಆ ಮನೆಯಲ್ಲಿ ಎಲ್ಲರೂ ತಲೆಬಾಗಿ ಒಪ್ಪಿಕೊಂಡ ದಿನ ಅದೊಂದೇ.