ನಾಲ್ಕರಲ್ಲಿ ಒಂದು

ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಸದ್ದಿಲ್ಲದೆ ಅಡಗಿದ್ದ ದೋಷ ಎಂಟು ವರ್ಷದ ದೊಡ್ಡ ಮಗಳಲ್ಲಿ ಒಂದಾಗಿತ್ತು. ಅವಳ ಲಿವರ್ ಬೇಡದ ಉಪ್ಪೊಂದನ್ನು ತಯಾರಿಸಿ ತಯಾರಿಸಿ ಕಿಡ್ನಿಗೆ ತುಂಬುತ್ತಿತ್ತು. ನಿಮಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಅಪಾಯ ಎಂದು ಸ್ಕ್ಯಾನ್ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ತಾಯಿ ಅದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಳು: ಒಂದು ಕೆಡಬೇಕಿತ್ತು, ಕೆಟ್ಟಿತು, ಇನ್ನು ಚಿಕ್ಕವಳು ಪುಟ್ಟಿ ಬಚಾವು. ಗಂಡನೂ ಹೂಂಗುಟ್ಟಿದ. ಚಿಕ್ಕವಳನ್ನೂ ಒಮ್ಮೆ ತೋರಿಸಿ ಎಂದು ಡಾಕ್ಟರಮ್ಮ ಕೇಳಿದಾಗಲೆಲ್ಲ ತಾಯಿ ಇವತ್ತು ನೆಗಡಿ, ನಾಳೆ ಶಾಲೆ ಎಂದು ವರ್ಷವಿಡೀ ಜಾರಿಕೊಂಡಳು. ಗುಂಡುಗುಂಡಗೆ ಮನೆ ತುಂಬ ಓಡಾಡುವ ಮಗುವನ್ನು ಯಾವ ಬಾಯಲ್ಲಿ ರೋಗಿ ಅನ್ನುವುದು? ದೊಡ್ಡವಳೊಬ್ಬಳೇ ಔಷಧಿ ಕುಡಿದಳು, ಸೂಜಿ ಚುಚ್ಚಿಸಿಕೊಂಡಳು. ಅಕ್ಕನ ಎಂಜಲು ತಿನ್ನಬೇಡ ಎಂದು ಅಮ್ಮ ಪುಟ್ಟಿಯನ್ನು ಗದರುವುದನ್ನೂ ಕೇಳಿಸಿಕೊಂಡಳು. ಇದು ಅಂಟುವ ರೋಗವಲ್ಲ ಎಂದು ತಾಯಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಂದಳು.

ಆ ದಿನ ಮನೆಯಲ್ಲಿ ಬಿಟ್ಟುಬರಲು ಯಾರೂ ಸಿಗದೆ ತಾಯಿ ಪುಟ್ಟಿಯನ್ನೂ ಕರೆತಂದಿದ್ದಳು. ಸ್ಕ್ಯಾನ್ ಕೋಣೆಯಲ್ಲಿ ದೊಡ್ಡವಳು ಹಟ ಹಿಡಿದು ಬಾಗಿಲಿಗೆ ಆತು ನಿಂತಳು.

"ನಾನು ಮಲಗಲ್ಲ. ಯಾವಾಗ್ಲೂ ನಂಗೇ ಯಾಕೆ? ಮೊದಲು ಅವಳಿಗೆ ಮಾಡಿ."

ಹೀಗೆ ಮೊಂಡು ಹಿಡಿಯುವ ಮಕ್ಕಳಿಗಾಗಿ ಡಾಕ್ಟರಮ್ಮನ ಬಳಿ ಒಂದು ಉಪಾಯವಿತ್ತು. ಜೊತೆಗೆ ಬಂದ ಅಣ್ಣನನ್ನೋ ತಂಗಿಯನ್ನೋ ಮೊದಲು ಮಲಗಿಸಿ, ಆಟದ ಹಾಗೆ ಸ್ಕ್ಯಾನ್ ಮಾಡಿ ತೋರಿಸುತ್ತಿದ್ದರು.

"ಬಾ ಪುಟ್ಟಿ, ಹೇಗೆ ಮಲಗೋದು ಅಂತ ಅಕ್ಕಂಗೆ ತೋರ್ಸು."

ತಾಯಿಗೆ ತಡೆಯಬೇಕೆನಿಸಿತು. ಆದರೆ ಬೇಡ ಎಂದರೆ ಭಯವನ್ನು ಒಪ್ಪಿಕೊಂಡಂತೆ. ತಾನೇ ಪುಟ್ಟಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿದಳು.

ತಣ್ಣನೆಯ ಜೆಲ್ ಹಚ್ಚಿದಾಗ ಪುಟ್ಟಿ ಕಚಗುಳಿ ತಾಳಲಾರದೆ ಕುಲುಕುಲು ನಕ್ಕಳು. ದೊಡ್ಡವಳು ಮೆಲ್ಲಗೆ ಪರದೆಯ ಬಳಿ ಬಂದಳು. ಅದನ್ನು ಓದುವುದು ಅವಳಿಗೆ ಕರಗತವಾಗಿತ್ತು; ಅಳು ನಿಲ್ಲಿಸಲೆಂದು ಡಾಕ್ಟರಮ್ಮನೇ ಕಲಿಸಿದ್ದರು. ಒಳ್ಳೆಯ ಕಿಡ್ನಿ ಲಿವರಿಗಿಂತ ತುಸು ಕಪ್ಪಗಿರಬೇಕು, ಉಪ್ಪು ಕೂತರೆ ಬೆಳ್ಳಗೆ ಹೊಳೆಯುತ್ತದೆ.

ಅವಳ ಮುಖ ಮೊರದಗಲವಾಯಿತು.

"ಅಮ್ಮಾ, ಇವಳ್ದೂ ಬೆಳ್ಳಗಿದೆ ನೋಡು. ನನ್ ಥರಾನೇ."

ಡಾಕ್ಟರಮ್ಮ ಪುಟ್ಟಿಯನ್ನು ಮಗ್ಗುಲಿಗೆ ಹೊರಳಿಸಿ ಇನ್ನೊಂದು ಕಡೆಯೂ ಒತ್ತಿ ನೋಡಿದರು.

ವರ್ಷದಿಂದ ನಗು ಮರೆತಿದ್ದ ದೊಡ್ಡ ಮಗಳು ನಗುತ್ತಿದ್ದಳು. ಆ ಕ್ಷಣ ತಾಯಿಗೆ ಅವಳ ಮೇಲೆ ಹುಟ್ಟಿದ್ದು ದ್ವೇಷ, ಅದಕ್ಕೆ ಬೇರೆ ಹೆಸರಿಲ್ಲ. ಕೈ ಬೀಸಿ ಕೆನ್ನೆಗೆ ಬಾರಿಸಿದಳು.

"ಹೊಡೀಬೇಡಿ," ಡಾಕ್ಟರಮ್ಮ ಪರದೆಯಿಂದ ಕಣ್ಣು ಕೀಳದೆ ಅಂದರು. "ಅವಳು ಹೇಳಿದ್ದು ಸರಿಯಾಗೇ ಇದೆ. ಎರಡೂ ಕಡೆ ಕೂತಿದೆ. ಹೋದ ವರ್ಷಾನೇ ಕರ್ಕೊಂಡು ಬಂದಿದ್ರೆ ಇಷ್ಟಾಗ್ತಿರ್ಲಿಲ್ಲ."

ದೊಡ್ಡವಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡೇ, ಯಾರೂ ಕರೆಯದೆ, ಮಂಚ ಹತ್ತಿದಳು. ಸ್ವಲ್ಪ ಸರ್ಕೋ ಎಂದು ತಂಗಿಗೆ ಹೇಳಿ ಪಕ್ಕದಲ್ಲಿ ಮಲಗಿ ಅಂಗಿ ಮೇಲೆತ್ತಿದಳು.

"ಈಗ ನಂಗೆ ಮಾಡಿ," ಎಂದಳು.